ಗಾಜಿನೊಳಗಿನ ಸೋಮ

ಮಂಗಳವಾರ ಬೆಳಿಗ್ಗೆ ಷಡಕ್ಷರಿ ಠಾಣೆಗೆ ಬಂದರು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವರದೊಂದು ಖಾಸಗಿ ಮ್ಯೂಸಿಯಂ ಇದೆ. ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡರೆ ಹಳೆಯ ಕೋಟೆ, ಗುಡಿ, ಕುಣಿತಗಳೆಲ್ಲ ಸುತ್ತಲೂ ಕಾಣುತ್ತವೆ. ಹಿಂದಿನ ದಿನ ಊಟದ ಹೊತ್ತಿನಲ್ಲಿ ಯಾರೋ ಅಲ್ಲಿನ ಗಾಜಿನ ಪೆಟ್ಟಿಗೆ ಒಡೆದು ಸೋಮನ ಮುಖವನ್ನು ಹೊತ್ತೊಯ್ದಿದ್ದರು. ಸೋಮ ಎಂದರೆ ಗ್ರಾಮದೇವತೆಯ ಮುಂದೆ ಕುಣಿಯುವವನು ಧರಿಸುವ ದೊಡ್ಡ ಮರದ ಮುಖ. ಪೇಟೆಯವರಿಗೆ ಅದು ಮುಖವಾಡ, ಹಳ್ಳಿಯವರಿಗೆ ದೇವರು.

"ಇದು ಇಂಟರ್‌ನ್ಯಾಷನಲ್ ಗ್ಯಾಂಗ್ ಕೆಲ್ಸ ಮೇಡಂ. ಕುಣಿಗಲ್‌ನಲ್ಲಿ ಹಳೇ ಸಾಮಾನು ಮಾರೋನೊಬ್ಬ ಇದಾನೆ, ಮೊದ್ಲು ಅವನನ್ನ ಹಿಡೀರಿ," ಎಂದರು ಷಡಕ್ಷರಿ.

ಇನ್ಸ್‌ಪೆಕ್ಟರ್ ಗಂಗಾಂಬಿಕೆ ಎಫ್‌ಐಆರ್ ದಾಖಲಿಸಿದರು. ಮೇಲಿನಿಂದ ಫೋನೂ ಬಂದದ್ದರಿಂದ ಇಬ್ಬರು ಪೇದೆಗಳು ಕುಣಿಗಲ್‌ಗೆ ಓಡಬೇಕಾಯಿತು. ಅಂಗಡಿಯಲ್ಲಿ ಸಿಕ್ಕಿದ್ದು ಹಾಡದ ಗ್ರಾಮಾಫೋನು ಮತ್ತು ತುಕ್ಕು ಹಿಡಿದ ತೊಟ್ಟಿಲು. ದೊಡ್ಡವರು ಬೆರಳು ತೋರಿಸಿದ ಕಡೆಗೆಲ್ಲ ಓಡುವುದು ಇಲಾಖೆಗೆ ಹೊಸದೇನಲ್ಲ.

ಅಷ್ಟರಲ್ಲಿ ಗಂಗಾಂಬಿಕೆ ಸ್ಥಳ ಪಂಚನಾಮೆಗೆ ಹೋದರು. ಕನ್ನಡಕದೊಳಗೆ ಇಡೀ ಲೋಕ ತೋರಿಸುವ ಕಟ್ಟಡದಲ್ಲಿ ಬಾಗಿಲ ಮೇಲಿನ ಕ್ಯಾಮೆರಾ ಕೆಟ್ಟು ತಿಂಗಳುಗಳಾಗಿದ್ದವು! ಪೆಟ್ಟಿಗೆಯಿಂದ ಬಾಗಿಲವರೆಗೆ ನೆಲದ ಮೇಲೆ ರಕ್ತದ ಹೆಜ್ಜೆಗಳಿದ್ದವು. ಗೋಡೆಯ ಬದಿಯಲ್ಲಿ ಹೆಂಗಸರ ರಬ್ಬರ್ ಚಪ್ಪಲಿ, ಒಪ್ಪವಾಗಿ ಜೋಡಿಸಿಟ್ಟಂತೆ ಇದ್ದವು.

"ಕಸ ಗುಡಿಸೋಳದ್ದಿರ್ಬೇಕು," ಎಂದರು ಷಡಕ್ಷರಿ.

"ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ನಡೆದವ್ರೆ ಮೇಡಂ," ಎಂದ ಹೆಡ್ ಕಾನ್‌ಸ್ಟೆಬಲ್ ಚನ್ನವೀರಯ್ಯ. "ಕಳ್ಳ ಚಪ್ಪಲಿ ಬಿಡಲ್ಲ. ದೇವ್ರನ್ನ ಮುಟ್ಟೋರು ಬಿಡ್ತಾರೆ. ದೇವ್ರನ್ನ ಹೊತ್ತ ಮೇಲೆ ಮತ್ತೆ ಮೆಟ್ಟೋ ಹಂಗಿಲ್ಲ."

ಹೆಡ್‌ಸೆಟ್ ತೊಡಿಸುವ ಕೆಲಸದ ಭೂಮಿಕಾಳನ್ನು ಗಂಗಾಂಬಿಕೆ ಕರೆದರು.

"ನಿನ್ನೆ ಯಾರು ಬಂದಿದ್ರು?"

"ವಯಸ್ಸಾದ ಅಮ್ಮ ಒಬ್ರು, ಸೋಮನ್ನ ನೋಡ್ಬೇಕು ಅಂದ್ರು. ಹೆಡ್‌ಸೆಟ್ ಹಾಕ್ದೆ. ಕುಣಿತ ಶುರುವಾದ ತಕ್ಷಣ 'ಅಯ್ಯೋ, ನಮ್ಮೋರು' ಅಂತ ಗಾಳೀಲಿ ಕೈ ಆಡಿಸಿ ತಡಕಾಡಿದ್ರು. ಕಾಲೇಜು ಹುಡುಗ್ರು ನಗ್ತಾ ವಿಡಿಯೊ ಮಾಡ್ಕೊಂಡ್ರು. ಅವ್ರು ಹೋದ್ಮೇಲೆ ನಾನು ಊಟಕ್ಕೆ ಹೋದೆ, ಅಮ್ಮ ಇನ್ನೂ ಅಲ್ಲೇ ಕೂತಿದ್ರು."

"ಕುಣಿದಿರೋದು ಯಾರು?"

ಭೂಮಿಕಾ ಒಮ್ಮೆ ಷಡಕ್ಷರಿಯ ಮುಖ ನೋಡಿದಳು. "ಸಿ.ಎಸ್. ಪುರದ ಕಡೆಯ ನರಸಯ್ಯ. ಮೈಗೆಲ್ಲ ಸೆನ್ಸರ್ ಅಂಟಿಸಿ ರೆಕಾರ್ಡ್ ಮಾಡಿದ್ವಿ. ಸೋಮನ ಮುಖ ತಂದಿದ್ದೂ ಅವ್ರೇ."

ಗಂಗಾಂಬಿಕೆ ಷಡಕ್ಷರಿಯ ಕಡೆ ತಿರುಗಿದರು. "ಕೊಂಡ್ಕೊಂಡ್ರಾ?"

"ಇಲ್ಲ, ಸ್ಕ್ಯಾನಿಂಗ್‌ಗೆ ಇಸ್ಕೊಂಡಿದ್ದು."

"ವಾಪಸ್ ಯಾಕೆ ಕೊಡ್ಲಿಲ್ಲ?"

"ಹಳ್ಳೀಲಿದ್ರೆ ಗೆದ್ದಲು ತಿನ್ನುತ್ತೆ ಮೇಡಂ. ಬಂದು ಕೇಳ್ದಾಗ್ಲೆಲ್ಲ ಹೇಳಿದೀನಿ, ಹೆಡ್‌ಸೆಟ್ ಹಾಕ್ಕೊಳಯ್ಯ, ನಿನ್ನ ಸೋಮ ಅದ್ರೊಳಗೇ ಇದಾನೆ ಅಂತ."

ಗಂಗಾಂಬಿಕೆಗೆ ಮೈಯೆಲ್ಲ ಉರಿಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು. "ಇದನ್ನೇ ಹೇಳಿಕೆಯಲ್ಲಿ ಬರ್ಕೊಳ್ಳಿ ಚನ್ನವೀರಯ್ಯ. ಒಂದಕ್ಷರ ಬಿಡಬೇಡಿ," ಎಂದರು.

ಬುಧವಾರ ಬೆಳಿಗ್ಗೆ ಜೀಪು ಗುಬ್ಬಿ ದಾಟಿ, ಸಿ.ಎಸ್. ಪುರ ಹೋಬಳಿಯ ಪಾಳ್ಯಕ್ಕೆ ಬಂತು. ಹುಡುಕುವ ಕೆಲಸವೇ ಇರಲಿಲ್ಲ. ಬೀಗ ಹಾಕಿದ ಗುಡಿಯ ಜಗುಲಿಯ ಮೇಲೆ ನರಸಯ್ಯನ ಹೆಂಡತಿ ನರಸಿಂಹಮ್ಮ ಕೂತಿದ್ದಳು. ಕಾಲಿಗೆ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಹೊಸ ಪಂಚೆಯ ಮೇಲೆ ಸೋಮನ ಕೆಂಪು ಮುಖವಿತ್ತು. ಊರಿನವರು ದೂರ ನಿಂತಿದ್ದರು.

"ಕದ್ದಿದ್ದು ನೀನೇನಮ್ಮ?"

"ಕದ್ದಿದ್ದಲ್ಲ ಕಣವ್ವ, ತಂದಿದ್ದು. ಗಾಜು ಒಡ್ದಿದ್ದು ನಾನೇ. ಆ ಕಣ್ಣಿಗೆ ಕಟ್ಟೋ ಡಬ್ಬದಲ್ಲೇ ಬಡ್ದೆ."

"ಯಾಕೆ?"

"ಸೋಮನ್ನ ಮಾರ್ಕೊಂಡ ಅಂತ ಇವ್ರೆಲ್ಲ ನಮ್ಮೋರನ್ನ ಗುಡಿಗೆ ಸೇರಿಸ್ಲಿಲ್ಲ. ಅದೇ ಕೊರಗಲ್ಲಿ ಹೋದ್ರು. ಸೋಮ ಹೊತ್ತೋನ ಹೆಣ ಎತ್ತೋವಾಗ ತಮಟೆ ಬಡೀಬೇಕು. ಒಬ್ನೂ ಬರ್ಲಿಲ್ಲ. ಆ ಡಬ್ಬದೊಳ್ಗೆ ಮಾತ್ರ ದಿನಾ ಕುಣೀತಾವ್ರೆ, ಕಂಡೋರ್ ಮುಂದೆಲ್ಲ. ಸತ್ತ ಮೇಲೂ ಬುಡ್ಲಿಲ್ವಲ್ಲ ನನ್ ಮಕ್ಳು!"

"ಮಾರ್ದೆ ಇದ್ರೆ ವಾಪಸ್ ಯಾಕ್ ತರ್ಲಿಲ್ಲ?" ಎಂದು ಊರ ಯಜಮಾನ ಗಿರಿಯಪ್ಪ ಗೊಣಗಿದ. "ಈಗ ಕದ್ದ ಮಾಲು ತಂದು ಬಾಗ್ಲು ತಗೀರಿ ಅಂದ್ರೆ ತಗೀಬೇಕಾ?"

ಗಂಗಾಂಬಿಕೆ ಬೂಟು ಬಿಚ್ಚಿ ಜಗುಲಿ ಹತ್ತಿದರು. ಜಪ್ತಿ ಪಂಚನಾಮೆಗೆ ಸಾಕ್ಷಿಯಾಗಿ ಸ್ಥಳೀಯ ಪಂಚರು ಬೇಕು. ಗಿರಿಯಪ್ಪನನ್ನೇ ಕರೆದರು, ಜೊತೆಗೆ ಇನ್ನೊಬ್ಬನನ್ನು. ಬರೆದದ್ದನ್ನು ಸಹಿಗೆ ಮೊದಲು ಓದಿ ಹೇಳಬೇಕೆಂಬ ನಿಯಮವಿದೆ. ಚನ್ನವೀರಯ್ಯ ಎಂದಿನಂತೆ ಮಂತ್ರ ಹೇಳಿದ ಹಾಗೆ ಗುನುಗತೊಡಗಿದ.

"ಗಟ್ಟಿಯಾಗಿ ಓದಿ. ಹಿಂದೆ ನಿಂತೋರ್ಗೂ ಕೇಳ್ಲಿ."

"ಸದರಿ ಸೋಮನ ಮುಖವನ್ನು ದಿವಂಗತ ನರಸಯ್ಯನವರು ಮಾರಾಟ ಮಾಡಿರುವುದಿಲ್ಲ. ಸ್ಕ್ಯಾನಿಂಗ್‌ಗೆಂದು ಪಡೆದ ಪಿರ್ಯಾದುದಾರರು, ಮೃತರು ಹಲವು ಬಾರಿ ಬಂದು ಕೇಳಿದರೂ ಹಿಂದಿರುಗಿಸಿರುವುದಿಲ್ಲವೆಂದು ತಾವೇ ಹೇಳಿಕೆ ನೀಡಿರುತ್ತಾರೆ."

ಜಪ್ತಿ ಪಂಚನಾಮೆಯಲ್ಲಿ ಇಷ್ಟೆಲ್ಲ ಬರೆಯುವ ವಾಡಿಕೆಯಿಲ್ಲ. ಗಂಗಾಂಬಿಕೆಗೆ ಅದು ಗೊತ್ತಿತ್ತು. ಗಿರಿಯಪ್ಪ ಕಾಗದ ಇಸ್ಕೊಂಡು ತಾನೇ ಇನ್ನೊಮ್ಮೆ ಓದಿದ. ಕೊನೆಗೆ ಸಹಿ ಹಾಕಿ ತಲೆ ತಗ್ಗಿಸಿದ.

"ತಪ್ಪಾಯ್ತು ಕಣಮ್ಮ ನರಸಿಂಹಮ್ಮ."

"ನನ್ ಮುಂದೆ ಹೇಳ್ಬ್ಯಾಡ. ಅವ್ರನ್ನ ಹೂತ ಗುಂಡಿ ತಾವ ಹೋಗಿ ತಮಟೆ ಬಡಿ," ಎಂದು ನರಸಿಂಹಮ್ಮ ಕುಂಟುತ್ತ ಎದ್ದು, ಯಾರ ಕೈಯನ್ನೂ ಹಿಡಿಯದೆ ಜೀಪು ಹತ್ತಿದಳು.

ಕಳ್ಳತನ ಮತ್ತು ಆಸ್ತಿ ಹಾನಿಯ ಆರೋಪದ ಮೇಲೆ ಅವಳ ಬಂಧನವಾಯಿತು. ಅಂದೇ ಸಂಜೆ ಅವಳ ದೂರಿನ ಮೇಲೆ ಷಡಕ್ಷರಿಯ ವಿರುದ್ಧ ನಂಬಿಕೆ ದ್ರೋಹದ ಎಫ್‌ಐಆರ್ ದಾಖಲಾಯಿತು. ಮತ್ತೆ ಮೇಲಿನಿಂದ ಫೋನು ಬಂತು. ಗಂಗಾಂಬಿಕೆ ಅದು ಬಡಿದುಕೊಳ್ಳಲಿ ಎಂದು ಬಿಟ್ಟರು.

"ಕಳ್ಳತನದ ಉದ್ದೇಶ ಏನಂತ ಬರೀಲಿ ಮೇಡಂ?" ಎಂದು ಕೇಳಿದ ಚನ್ನವೀರಯ್ಯ. "ಯಾವಾಗ್ಲೂ ಬರ್ಯೋ ಹಂಗೆ, ಅಕ್ರಮ ಲಾಭ?"

"ಅಲ್ಲ. ಗಂಡನ ಹೆಣದ ಮುಂದೆ ತಮಟೆ ಬಡೀಲಿಲ್ಲ ಅಂತ ಬರೀರಿ."