ಪೀಪಿಯ ಸಿಟ್ಟು, ರಿಂಕಿನ ನೆಲ

ಗೋಡೆಯ ಮೇಲೆ ಅಂಟಿಸಿದ್ದ ಆ ಮೂರು ಸಾಲನ್ನು ಓದಿ ಮುಗಿಸುವಷ್ಟರಲ್ಲಿ ಪೀಪಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

'ಸ್ಕೇಟಿಂಗ್ ರಿಂಕ್ ಈ ಪಾರ್ಕಿನ ಜೀವಾಳವಾಗಿತ್ತು. ಸರಿಯಾದ ಆರೈಕೆಯಿಲ್ಲದೆ ಮರದ ನೆಲ ಕೊಳೆತಿದ್ದರಿಂದ ಅದನ್ನು ಮುಚ್ಚಲಾಯಿತು. ರಿಂಕ್ ಹೋದಮೇಲೆ ಜನರೂ ಬರದಾಗಿ, ಕ್ರಮೇಣ ಪಾರ್ಕೇ ಇಲ್ಲವಾಯಿತು.'

"ಆರೈಕೆ ಇಲ್ಲದೆ!" ಎಂದಳು. ಲೈಬ್ರರಿಯ ಮಹಡಿಯ ಹಾಲ್ ಅದು. ಫೋಟೋ ನೋಡುತ್ತಿದ್ದ ಇಬ್ಬರು ತಿರುಗಿ ನೋಡಿ, ಮೆಲ್ಲಗೆ ಮೆಟ್ಟಿಲಿನ ಕಡೆ ಸರಿದರು.

"ದೊಡ್ಡಮ್ಮ, ಮೆಲ್ಲಗೆ," ಎಂದು ತಂಗಿಯ ಮಗಳು ಓಡಿಬಂದಳು. ಕಾಣೆಯಾದ ಪಾರ್ಕಿನ ಈ ಪ್ರದರ್ಶನವನ್ನು ಏರ್ಪಡಿಸಿದವಳು ಅವಳೇ.

"ಮೆಲ್ಲಗೆ ಏನು ಮಣ್ಣು! ಇದನ್ನ ಬರೆದೋರು ಯಾರು ಹೇಳು. ಕಪಾಳಕ್ಕೆ ಎರಡು ಬಾರಿಸಿ ಮನೆಗೆ ಹೋಗ್ತೀನಿ."

"ನಾನೇ ಬರೆದದ್ದು."

ಪೀಪಿಯ ಕೈ ಗಾಳಿಯಲ್ಲೇ ನಿಂತಿತು. "ನೀನು? ನಿಮ್ಮ ತಾತ ಹೊಟ್ಟೆಗಿಂತ ಹೆಚ್ಚಾಗಿ ನೋಡಿಕೊಂಡ ನೆಲ ಕಣೇ ಅದು! ಅದಕ್ಕೆ ಆರೈಕೆ ಇರಲಿಲ್ಲ ಅಂತ ಬರೆಯೋಕೆ ಕೈ ಹೇಗೆ ಬಂತು?"

"ತಾತನ ಮೇಲೆ ಹೇಳಿಲ್ಲ ದೊಡ್ಡಮ್ಮ. ತಪ್ಪು ರಿಂಕಿನ ಬಡಗಿಯದು. ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಅವರೇ ಒಪ್ಪಿಕೊಂಡ್ರು."

"ಅವನು ಸಿಕ್ಕಿದ್ದನಾ ನಿನಗೆ?"

ಹುಡುಗಿ ತುಟಿ ಕಚ್ಚಿಕೊಂಡಳು. ಹಾಲಿನ ಕೊನೆಯ ಪರದೆಯ ಹಿಂದೆ ಅಷ್ಟು ಹೊತ್ತಿನಿಂದ ಕೇಳುತ್ತಿದ್ದ ಸುತ್ತಿಗೆಯ ಸದ್ದು ಥಟ್ಟನೆ ನಿಂತಿತ್ತು.

ಆ ಪಾರ್ಕು ಇದ್ದ ಕಾಲದಲ್ಲಿ ಊರಿನ ಎಲ್ಲ ರಸ್ತೆಗಳೂ ಅಲ್ಲಿಗೇ ಹೋಗಿ ಮುಟ್ಟುತ್ತವೆ ಎಂದು ಮಕ್ಕಳು ನಂಬಿದ್ದರು. ಆಕಾಶಕ್ಕೆ ಏರುವ ದೊಡ್ಡ ಚಕ್ರ, ಬಣ್ಣ ಉದುರಿದ ಮರದ ಕುದುರೆಗಳು, ಸಣಕಲರನ್ನು ಡೊಳ್ಳುಹೊಟ್ಟೆ ಮಾಡುವ ಕನ್ನಡಿಮನೆ. ಇವೆಲ್ಲ ದಾಟಿ ಹೋದರೆ ದುಂಡನೆಯ ತಗಡಿನ ಚಾವಣಿ, ಅದರ ಕೆಳಗೆ ರಿಂಕು. ಈಗ ಅಲ್ಲಿ ಸಾಲು ಸಾಲು ಅಪಾರ್ಟ್‌ಮೆಂಟುಗಳು. ರಿಂಕಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ಪೀಪಿಯ ಅಪ್ಪ ಆ ರಿಂಕಿನ ನೆಲ ಕಾಯುವವನು. ಎಣ್ಣೆ ಚಿಮುಕಿಸಿದ ಮರದ ಹೊಟ್ಟನ್ನು ಹಲಗೆಗಳ ಮೇಲೆ ಹರಡಿ ಗುಡಿಸಿದರೆ ಧೂಳೆಲ್ಲ ಅದಕ್ಕೇ ಅಂಟಿಕೊಂಡು ಬರುತ್ತಿತ್ತು. ನೀರಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ. ಮಕ್ಕಳು ಕುಡಿಯುವ ಬಾಟಲಿ ತಂದರೂ ಅಪ್ಪ ಬಾಗಿಲಲ್ಲೇ ಕಿತ್ತಿಡುತ್ತಿದ್ದ. ಮಗಳು ರಿಂಕಿನೊಳಗೆ ಸುತ್ತುತ್ತಾ, ಅಡ್ಡಾದಿಡ್ಡಿ ಓಡುವವರಿಗೆ ವಿಶಲ್ ಊದುತ್ತಿದ್ದಳು. ಹಾಗೆಯೇ ಬಿತ್ತು ಅವಳಿಗೆ ಪೀಪಿ ಎಂಬ ಹೆಸರು. ಈಗ ಸೂಟ್‌ಕೇಸ್, ಆಸ್ಪತ್ರೆಯ ತಳ್ಳುಮಂಚ, ಆಫೀಸ್ ಕುರ್ಚಿಗಳ ಗಾಲಿ ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡು, ತಲೆ ಅರ್ಧ ನರೆತಿದ್ದರೂ ಆ ಹೆಸರು ಬಿಟ್ಟುಹೋಗಿರಲಿಲ್ಲ.

ಬಡಗಿಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಇಡೀ ರಿಂಕಿನ ಹಲಗೆಗಳನ್ನು ಹೆಸರಿಟ್ಟು ಕರೆಯುವಷ್ಟು ಬಲ್ಲವನು, ಚಕ್ರ ಕಟ್ಟಿಕೊಂಡರೆ ಎಳೆಗರುವಿನ ಹಾಗೆ ನಾಲ್ಕೂ ದಿಕ್ಕಿಗೆ ಕಾಲು ಚಾಚುತ್ತಿದ್ದ. ಸಂಜೆ ಜನ ಹೋದಮೇಲೆ ಮಂಡಿಯೂರಿ, ನೆಲಕ್ಕೆ ಕಿವಿಯಿಟ್ಟು, ಗೆಣ್ಣಿನಿಂದ ಒಂದೊಂದೇ ಹಲಗೆ ತಟ್ಟುತ್ತಾ ಬರುವುದು ಅವನ ಕೆಲಸ. ಪೀಪಿ ಅವನ ಸುತ್ತ ಸುತ್ತುವಳು. ಪ್ರತಿ ಸುತ್ತೂ ಹಿಂದಿನದಕ್ಕಿಂತ ಚಿಕ್ಕದು. ಕೊನೆಗೆ ಅವನ ಬೆರಳಿಗೆ ಕೂದಲೆಳೆ ಅಂತರದಲ್ಲಿ ಚಕ್ರ ನಿಲ್ಲಿಸುವಳು.

"ಬೆರಳು ಹೋಗಿದ್ದರೆ?"

"ಇನ್ನೂ ಒಂಬತ್ತು ಇರ್ತಿತ್ತಲ್ಲ. ಅಷ್ಟು ಸಾಕು ನೀನು ಮಾಡೋ ಕೆಲಸಕ್ಕೆ."

ಅವನು ತಲೆಯೆತ್ತುತ್ತಿದ್ದ. ರೆಪ್ಪೆಗಳ ಮೇಲೆ ಮರದ ಪುಡಿ. ಮೊದಲು ಅವಳ ಚಕ್ರ, ಆಮೇಲೆ ಮೊಣಕಾಲು, ಕುತ್ತಿಗೆಯ ವಿಶಲ್, ಕೊನೆಗೆ ಮುಖ. ಏಣಿ ಹತ್ತುವವನ ಹಾಗೆ ನಿಧಾನಕ್ಕೆ ಹತ್ತಿಬರುತ್ತಿತ್ತು ಆ ನೋಟ. ಅದು ಮುಖ ಮುಟ್ಟುವುದರೊಳಗೆ ಪೀಪಿ ಕಾಲು ತಳ್ಳಿ ದೂರ ಹಾರಿಬಿಡುತ್ತಿದ್ದಳು. ನಿಂತರೆ ಕೆನ್ನೆಯ ಬಣ್ಣ ಗೊತ್ತಾಗುತ್ತಿತ್ತು.

ಭಾನುವಾರದ ಕೊನೆಯ ಸುತ್ತು ಜೋಡಿಗಳಿಗೆ ಮೀಸಲು. ದೀಪ ಸಣ್ಣದಾಗುತ್ತಿತ್ತು, ಒಂಟಿಯಾಗಿದ್ದವರೆಲ್ಲ ಕಟಕಟೆಯ ಹೊರಗೆ. ಒಂದು ದಿನ ಬಡಗಿ ನೆಲಕ್ಕೆ ಕಿವಿಯಿಟ್ಟೇ ಕೇಳಿದ: "ಬರೋ ಭಾನುವಾರ ಜೋಡಿಗಳ ಸುತ್ತಿನಲ್ಲಿ ನಾನೂ ಇಳೀತೀನಿ. ಕೈ ಹಿಡ್ಕೋತೀಯಾ?"

"ಕ್ರೇನ್ ತರಿಸ್ತೀನಿ," ಎಂದಿದ್ದಳು ಪೀಪಿ. ಅವಳ ಭಾಷೆಯಲ್ಲಿ ಅದು ಒಪ್ಪಿಗೆ.

ಆ ಭಾನುವಾರ ಬರುವ ಮುಂಚೆ ರಿಂಕಿಗೆ ಬೀಗ ಬಿತ್ತು. ನೆಲ ಅಪಾಯಕಾರಿಯಾಗಿದೆ ಎಂದು ಬಡಗಿ ಬರೆದುಕೊಟ್ಟನಂತೆ. ಮಾಲೀಕನಿಗೆ ಜಾಗ ಮಾರುವ ಆಸೆಯಿತ್ತು, ಬಡಗಿಯನ್ನು ಕೊಂಡುಕೊಂಡ ಎಂದು ಊರೆಲ್ಲ ಮಾತಾಯಿತು. ಪೀಪಿ ನಂಬಿದಳು. ಟೀ ಅಂಗಡಿಯಲ್ಲಿ, ತುಂಬಿದ ಜನರ ಎದುರು, ಅವನ ಕಾಲ ಬಳಿ ಉಗಿದು ಬಂದಳು. ಅವನು ಒಂದು ಮಾತೂ ಆಡಲಿಲ್ಲ. ಅಪ್ಪ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದು ಹೋಗಿಬಿಟ್ಟ. ಆಮೇಲೆ ಪೀಪಿಯನ್ನು ಕೇಳಿಕೊಂಡು ಬಂದ ಗಂಡುಗಳಿಗೇನೂ ಕಡಿಮೆಯಿರಲಿಲ್ಲ. ಆದರೆ ಬೇರೆಯವರ ಮುಖ ನೋಡಲೂ ಪುರುಸೊತ್ತು ಕೊಡದಂಥ ಸಿಟ್ಟು ಅದು. ಒಲೆಯ ಕೆಂಡದ ಹಾಗೆ ದಿನಾ ಊದಿ ಊದಿ ಆರದಂತೆ ಕಾಪಾಡಿಕೊಂಡಿದ್ದಳು.

ಈಗ ಆ ಪರದೆಯನ್ನು ಸರ್ರನೆ ಎಳೆದಳು.

ಅವನು ಮಂಡಿಯೂರಿ ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಎದುರಿಗೆ ರಿಂಕಿನ ತಿರುವಿನ ಒಂದು ತುಂಡು. ಬಿಲ್ಲಿನಂತೆ ಬಾಗಿದ ಹಲಗೆಗಳು, ಅವುಗಳ ಕೆಳಗೆ ಭಾರ ಹೊರುವ ತೊಲೆಗಳು. ನೆಲ ಹೇಗೆ ಕಟ್ಟಿದ್ದರೆಂದು ಜನರಿಗೆ ಕಾಣಲಿ ಎಂದು ಒಂದು ಬದಿ ತೆರೆದಿಟ್ಟಿದ್ದ.

"ಪೀಪಿ," ಎಂದ.

"ಬಾಯಿ ಮುಚ್ಚು. ಆ ಹೆಸರು ಕರೆಯೋ ಯೋಗ್ಯತೆ ನಿನಗಿಲ್ಲ."

"ಬೇರೆ ಹೆಸರು ನನಗೆ ಅಭ್ಯಾಸ ಇಲ್ಲ."

"ಅಂದು ನೆಲ ಮಾರ್ಕೊಂಡೆ. ಇವತ್ತು ಅದರ ತುಂಡು ತಂದು ಪ್ರದರ್ಶನಕ್ಕಿಡ್ತಿದ್ದೀಯಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ," ಎಂದ ಬಡಗಿ. "ನಿನ್ನ ಹುಡುಗಿ ಕೇಳಿದಳು. ಇಲ್ಲ ಅನ್ನೋಕೆ ಆಗಲಿಲ್ಲ."

ಆ ತಣ್ಣನೆಯ ದನಿ ಅವಳನ್ನು ಇನ್ನೂ ಕೆರಳಿಸಿತು. ಒದೆಯಬೇಕೆಂದು ಕಾಲೆತ್ತಿದವಳು ಹಲಗೆ ನೋಡಿ ಇಳಿಸಿದಳು. ಅದೆಷ್ಟು ಸಿಟ್ಟಿದ್ದರೂ ಆ ನೆಲಕ್ಕೆ ಒದೆಯುವುದು ಅವಳಿಂದಾಗದು. ಬಗ್ಗಿದಳು. ಕೈ ತಾನಾಗಿ ಹಲಗೆಯ ಮೇಲೆ ಹೋಯಿತು, ಅಲ್ಲಿಂದ ಕೆಳಗಿನ ತೊಲೆಗೆ ಜಾರಿತು. ಅಲ್ಲೇ ನಿಂತಿತು.

"ಈ ತೊಲೆ ತಲೆಕೆಳಗಾಗಿ ಕೂರಿಸಿದ್ದೀಯ."

"ಇಲ್ಲ."

"ಮೊಳೆಯ ತೂತೆಲ್ಲ ಕೆಳಮುಖವಾಗಿವೆ. ಹಲಗೆಯೇನು ಪಾತಾಳದಲ್ಲಿ ಹೊಡೆದಿದ್ದರಾ? ಎತ್ತು."

"ಬಿಡು ಪೀಪಿ."

"ಎತ್ತು ಅಂದೆ."

ಅವನು ಕದಲಲಿಲ್ಲ. ಅವಳೇ ಎರಡೂ ಕೈ ಹಾಕಿ ತೊಲೆಯನ್ನು ಎಳೆದು ಮಗುಚಿದಳು. ಮೊಳೆಯ ತೂತುಗಳಿದ್ದ ಆ ಮುಖ ಕರ್ರಗೆ, ಹಳೆಯ ಬ್ರೆಡ್ಡಿನ ಹಾಗೆ ಪುಡಿಪುಡಿಯಾಗಿತ್ತು. ಇನ್ನೊಂದು ಮುಖ ಗಟ್ಟಿ, ನಿನ್ನೆ ಕೊಯ್ದ ಹಾಗೆ.

ಪೀಪಿ ಎರಡೂ ಮುಖಗಳ ಮೇಲೆ ಉಗುರಾಡಿಸಿ ನೋಡಿದಳು.

"ನೆಲದ ತೇವ ಹತ್ತಿದ್ದರೆ ಕೆಳಗಿಂದ ಕೊಳೀಬೇಕಿತ್ತು," ಎಂದಳು. ದನಿ ಬದಲಾಗಿತ್ತು. "ಇದು ಮೇಲಿಂದ ಕೊಳೆತಿದೆ. ಚಾವಣಿ ಒಂದು ಹನಿಯೂ ಸೋರುತ್ತಿರಲಿಲ್ಲ. ಯಾರೋ ನೀರು ಹಾಕಿದ್ದಾರೆ. ಒಂದು ದಿನ ಅಲ್ಲ, ದಿನಾ ಹಾಕಿದ್ದಾರೆ. ಯಾರು?"

ಬಡಗಿ ಕೈಯಲ್ಲಿದ್ದ ಉಳಿಯನ್ನು ನೋಡುತ್ತಾ ಕೂತ.

"ಯಾರು ಅಂತ ಕೇಳಿದೆ! ಬೆಳಿಗ್ಗೆ ಬಾಗಿಲು ತೆಗೀತಿದ್ದದ್ದು ಅಪ್ಪ ಒಬ್ಬನೇ..."

ಮಾತು ಅಲ್ಲೇ ತುಂಡಾಯಿತು. ಮುಂದಿನ ಕ್ಷಣ ಅವಳು ಅವನ ಅಂಗಿಯ ಕತ್ತುಪಟ್ಟಿ ಹಿಡಿದಿದ್ದಳು. "ಅಪ್ಪನ ಹೆಸರು ತೆಗೆದರೆ ನಾಲಿಗೆ ಕಿತ್ತುಬಿಡ್ತೀನಿ!"

"ನಾನು ತೆಗೆದಿಲ್ಲ," ಎಂದ ಬಡಗಿ. "ಇಷ್ಟು ವರ್ಷದಲ್ಲಿ ಒಂದು ಸಲವೂ ತೆಗೆದಿಲ್ಲ."

ಅವಳ ಹಿಡಿತ ಸಡಿಲವಾಯಿತು. ಆ ದಿನಗಳ ಅಪ್ಪ ಕಣ್ಣಮುಂದೆ ಬಂದ. ತೋಯ್ದ ಪ್ಯಾಂಟಿನ ಅಂಚು. ನೆನೆದು ಸುಕ್ಕಾದ ಬೆರಳುಗಳು. ಏನಪ್ಪಾ ಇದು ಅಂದರೆ ನಲ್ಲಿಯ ಕೆಳಗೆ ಕಾಲು ತೊಳೆದೆ ಅನ್ನುತ್ತಿದ್ದ. ಅದೇ ತಿಂಗಳುಗಳಲ್ಲಿ ಅವನು ಅವಳನ್ನು ಎರಡು ಬಾರಿ ತನ್ನ ಅಕ್ಕನ ಹೆಸರಿನಿಂದ ಕರೆದಿದ್ದ. ವಯಸ್ಸಾಯಿತು ಎಂದು ನಕ್ಕು ಸುಮ್ಮನಾಗಿದ್ದಳು.

"ತಿರುವಿನ ಹಲಗೆ ಬೇರೆ ಥರ ಸದ್ದು ಕೊಡೋಕೆ ಶುರುಮಾಡಿತ್ತು," ಎಂದ ಬಡಗಿ ಮೆಲ್ಲಗೆ. "ನೋಡೋಣ ಅಂತ ಒಂದು ಬೆಳಿಗ್ಗೆ ಬೇಗ ಬಂದೆ. ನಿಮ್ಮಪ್ಪ ಬಕೆಟ್ ಇಟ್ಟುಕೊಂಡು ನೆಲ ಒರೆಸ್ತಿದ್ದರು. ಏನು ಯಜಮಾನ್ರೇ ಅಂದೆ. 'ಬೆಲ್ ಹೊಡೆಯೋದರೊಳಗೆ ಕಾರಿಡಾರ್ ಮುಗಿಸಬೇಕಪ್ಪ, ಮಕ್ಕಳು ಬಂದುಬಿಡ್ತಾರೆ' ಅಂದರು."

ರಿಂಕಿಗೆ ಸೇರುವ ಮುಂಚೆ, ಪೀಪಿ ಹುಟ್ಟುವುದಕ್ಕೂ ಮುಂಚೆ, ಅಪ್ಪ ಒಂದು ಶಾಲೆಯ ಸಿಮೆಂಟ್ ನೆಲ ತೊಳೆಯುವ ಕೆಲಸದಲ್ಲಿದ್ದ. ತಲೆ ಮರೆತದ್ದನ್ನು ಕೈ ನೆನಪಿಟ್ಟುಕೊಂಡಿತ್ತು.

"ಸ್ವಲ್ಪ ಹೊತ್ತಿಗೆ ಅವರಿಗೇ ಎಚ್ಚರ ಬಂತು. ಬಕೆಟ್ ನೋಡಿದರು, ನೆಲ ನೋಡಿದರು. ಅಂಥ ಮುಖ ನಾನು ಮತ್ತೆ ನೋಡಿಲ್ಲ. ನನ್ನ ಎರಡೂ ಕೈ ಹಿಡ್ಕೊಂಡು, ಮಗಳಿಗೆ ಹೇಳಬೇಡ ಅಂದರು. ಹಲಗೆ ಕಿತ್ತು ನೋಡಿದೆ, ತೊಲೆ ಹೀಗಿತ್ತು. ಜೋಡಿಗಳ ಸುತ್ತಿನಲ್ಲಿ ಅಷ್ಟೂ ಜನ ಆ ತಿರುವಿಗೆ ಬಂದಿದ್ದರೆ ಏನಾಗ್ತಿತ್ತು? ರಿಪೇರಿ ಮಾಡಿಸಿ ಅಂತ ಬರೆದುಕೊಟ್ಟೆ. ಮಾಲೀಕ ಬೀಗವೇ ಜಡಿದ. ಯಾರ ತಪ್ಪು ಅಂತ ಕೇಳಿದ. ನನ್ನದು ಅಂದೆ."

ತಂಗಿಯ ಮಗಳು ಕಂಬದ ಪಕ್ಕದಲ್ಲಿ ಬಾಯಿಗೆ ಕೈಯಿಟ್ಟು ನಿಂತಿದ್ದಳು.

ಪೀಪಿ ಅಳುತ್ತಾಳೆ ಎಂದುಕೊಂಡಿದ್ದರೆ ಅವಳನ್ನು ಬಲ್ಲವರಲ್ಲ. ಅವಳು ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು.

"ಯಾರೋ ನೀನು? ನನ್ನ ಅಪ್ಪನ ಕಷ್ಟ ನನಗೆ ಹೇಳದೆ ಬಚ್ಚಿಡೋಕೆ ನೀನು ಯಾರು? ಹೇಳಿದ್ದರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ! ಬೆಳಿಗ್ಗೆ ಜೊತೆಗೆ ಹೋಗ್ತಿದ್ದೆ! ಅವನು ಗೋಡೆ ಕಡೆ ತಿರುಗಿ ಮಲಗಿದಾಗೆಲ್ಲ ನಿನ್ನನ್ನ ಶಪಿಸಿ ಸಮಾಧಾನ ಹೇಳ್ತಿದ್ದೆನಲ್ಲೋ! ಅದನ್ನ ಕೇಳಿಸ್ಕೊಂಡು ಆ ಜೀವ ಒಳಗೊಳಗೇ ಎಷ್ಟು ಬೆಂದಿತೋ! ದೊಡ್ಡ ತ್ಯಾಗಿ! ನಿನ್ನ ತ್ಯಾಗಕ್ಕೆ ಬೆಂಕಿ ಹಾಕ!"

ಆಗ ಬಡಗಿ ಎದ್ದು ನಿಂತ. ಜೀವಮಾನದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ಕತ್ತಿನ ನರ ಉಬ್ಬಿತ್ತು.

"ಮತ್ತೆ ನೀನು? ಒಂದು ಸಲ, ಒಂದೇ ಒಂದು ಸಲ, ಯಾಕೆ ಹೀಗೆ ಮಾಡಿದೆ ಅಂತ ಕೇಳಿದೆಯಾ? ಊರು ಹೇಳಿತು, ನೀನು ನಂಬಿದೆ. ನನ್ನ ಮುಖ ನೋಡಿ ಗೊತ್ತಾಗಲಿಲ್ವಾ ನಿನಗೆ? ದಿನಾ ನೆಲಕ್ಕೆ ಕಿವಿಯಿಡ್ತಿದ್ದದ್ದು ಹಲಗೆ ಕೇಳೋಕೆ ಅಂದ್ಕೊಂಡಿದ್ದೆಯಾ? ಆ ಹಲಗೆಗಳು ನನಗೆ ಎರಡನೇ ದಿನಕ್ಕೇ ಬಾಯಿಪಾಠ ಆಗಿದ್ದವು. ನಿನ್ನ ಚಕ್ರದ ಸದ್ದು ಕೇಳೋಕೆ ಬರ್ತಿದ್ದೆ ಕಣೇ! ಕೇಳಬೇಕಿತ್ತು ನೀನು! ಉಗೀಬೇಕಾದರೆ ಉಗಿ, ಕೇಳಿ ಉಗೀಬೇಕಿತ್ತು!"

ಇಬ್ಬರೂ ಏದುಸಿರು ಬಿಡುತ್ತಾ ನಿಂತರು, ಜಗಳಕ್ಕಿಂತ ಹೆಚ್ಚಿನ ಯಾವುದೋ ಕೆಲಸದಿಂದ ದಣಿದವರ ಹಾಗೆ. ಅವನ ನೋಟ ಅವಳ ಮುಖದ ಮೇಲಿತ್ತು. ಈ ಸಲ ಓಡಿಹೋಗಲು ಅವಳ ಕಾಲಲ್ಲಿ ಚಕ್ರ ಇರಲಿಲ್ಲ, ಕೆನ್ನೆ ಕೆಂಪಾದದ್ದನ್ನು ಅವನು ನೋಡಿಯೇಬಿಟ್ಟ.

ಪೀಪಿ ತಿರುಗಿ ಗೋಡೆಯ ಬಳಿ ಹೋದಳು. ಆ ಕಾಗದವನ್ನು ಮೂಲೆಯಿಂದ ಕಿತ್ತು ತಂಗಿಯ ಮಗಳ ಕೈಗಿಟ್ಟಳು.

"ಬೇರೆ ಬರಿ. ನೆಲ ಕಾಯೋನಿಗೆ ಮರೆವಿನ ಕಾಯಿಲೆ ಬಂತು, ಮನೆಯವರು ಗಮನಿಸಲಿಲ್ಲ, ಮಾಲೀಕ ರಿಪೇರಿ ಮಾಡಿಸಲಿಲ್ಲ ಅಂತ ಬರಿ."

"ತಾತನ ಮರ್ಯಾದೆ, ದೊಡ್ಡಮ್ಮ..."

"ಕಾಯಿಲೆ ಬಂದರೆ ಮರ್ಯಾದೆ ಹೋಗುತ್ತಾ? ಇನ್ನೊಬ್ಬನ ತಲೆಗೆ ಕಟ್ಟಿದರೆ ಹೋಗುತ್ತೆ. ಬಡಗಿಯ ತಪ್ಪಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಹಾಕು. ಕನ್ನಡಕ ಇಲ್ಲದೆಯೂ ಓದೋ ಹಾಗಿರಬೇಕು."

ಹಿಂದೆ ಬಡಗಿ ಮತ್ತೆ ಮಂಡಿಯೂರಿದ್ದ. ಹೊಡೆದ ಮೊಳೆ ಸೊಟ್ಟಗೆ ಹೋಯಿತು. ಪೀಪಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನೆದುರು ನೆಲದ ಮೇಲೆ ಕೂತು, ತೊಲೆಯ ಇನ್ನೊಂದು ತುದಿಯನ್ನು ಗಟ್ಟಿಯಾಗಿ ಹಿಡಿದಳು. ಕೊಳೆತ ಮುಖ ಮೇಲಿತ್ತು, ಎಲ್ಲರಿಗೂ ಕಾಣುವಂತೆ.

"ಹೊಡಿ," ಎಂದಳು. "ಮುಗಿಸಿ ನನ್ನ ಜೊತೆ ಮನೆಗೆ ಬಾ."

"ಯಾಕೆ?"

"ಬೈಯೋದು ಇನ್ನೂ ಬೇಕಾದಷ್ಟಿದೆ."

ಅವನು ಎತ್ತಿದ ಸುತ್ತಿಗೆಯನ್ನು ಗಾಳಿಯಲ್ಲೇ ಹಿಡಿದ. "ಒಂದು ಸಂಜೆಗೆ ಮುಗಿಯುತ್ತಾ?"

"ಹೇಗೆ ಮುಗಿಯುತ್ತೆ? ಬಟ್ಟೆಬರೆ ಕಟ್ಟಿಕೊಂಡೇ ಬಾ," ಎಂದಳು ಪೀಪಿ, ಇನ್ನೂ ಸಿಟ್ಟಿನಲ್ಲೇ.