ಹೊಗೆಗೂಡಿನ ಒಂಟಿ ಶೂ

"ಇನ್ನೇನು ಬೇಕಾದ್ರೂ ಮಾಡ್ಕೊಳ್ಳಿ ಮೂರ್ತಿ ಅವ್ರೇ. ಗೋಡೆಗೆ ಮೊಳೆ ಹೊಡೀರಿ, ಪೇಂಟ್ ಮಾಡಿ, ನಿಮ್ಮಿಷ್ಟ. ಆದ್ರೆ ಕಿಚನ್‌ನಲ್ಲಿ ಆ ಹೊಗೆಗೂಡಿನ ಒಳಗೆ ಒಂದು ಶೂ ಇದೆಯಲ್ಲ, ಅದನ್ನ ಮಾತ್ರ ತೆಗೀಬೇಡಿ."

ಗುರುರಾಜ ಇದನ್ನು ಮನೆಯೊಳಗೆ ನಿಂತು ಹೇಳಲಿಲ್ಲ. ಪೋರ್ಚಿನ ಮೆಟ್ಟಿಲ ಕೆಳಗೆ, ಕಾರಿನ ಎಂಜಿನ್ ಕೂಡ ಆರಿಸದೆ ಹೇಳಿದ. ತಾನು ಬಾಡಿಗೆಗಿದ್ದ ಮನೆಯ ಬೀಗದಕೈಯನ್ನು ಇನ್ನೊಬ್ಬ ಕನ್ನಡದವನಿಗೆ ಒಪ್ಪಿಸಿ, ಹೊಸ ಕೆಲಸಕ್ಕೆಂದು ಆವತ್ತೇ ಜಾರ್ಜಿಯಾದ ಕಮ್ಮಿಂಗ್‌ಗೆ ಹೊರಟಿದ್ದ. ಅವನ ಹೆಂಡತಿ ಆಗಲೇ ಕಾರಿನಲ್ಲಿ ಕೂತು ಸೀಟ್‌ಬೆಲ್ಟ್ ಹಾಕಿಕೊಂಡಿದ್ದಳು. ಆಕೆ ಮನೆಯ ಕಡೆ ಒಮ್ಮೆಯೂ ತಿರುಗಲಿಲ್ಲ.

ಕೇಶವಮೂರ್ತಿ ಗಟ್ಟಿಯಾಗಿ ನಕ್ಕ. "ಯಾಕ್ರೀ, ಶೂ ಒಳಗೆ ದೆವ್ವ ಕೂತಿದೆಯಾ?"

"ನಮಗೆ ಮಕ್ಕಳಿಲ್ಲ, ನಮಗೇನೂ ಆಗ್ಲಿಲ್ಲ. ನಿಮಗೆ ಮಗು ಇದೆ. ಓನರಮ್ಮ ನನಗೆ ಹೇಳಿದ್ದನ್ನ ಪೂರ್ತಿ ಹೇಳ್ತೀನಿ, ಕೇಳಿ..."

"ದೂರದ ಡ್ರೈವ್ ಇದೆ, ಹೊರಡಿ ಸ್ವಾಮಿ. ದೆವ್ವದ ಕತೇನ ಆಮೇಲೆ ಫೋನ್‌ನಲ್ಲಿ ಹೇಳೋರಂತೆ."

ಮೈಸೂರಿನಲ್ಲಿ ಓದುವಾಗ ಈ ಕೇಶವಮೂರ್ತಿ ವೇದಿಕೆ ಹತ್ತಿ, ನಾಲಗೆಯ ಮೇಲೆ ಉರಿಯುವ ಕರ್ಪೂರ ಇಟ್ಟುಕೊಂಡು ಪವಾಡ ಬಯಲು ಮಾಡುತ್ತಿದ್ದವನು. ಮಾಟ ಮಾಡಿಟ್ಟ ನಿಂಬೆಹಣ್ಣು ಎಲ್ಲಿದೆ ಎಂದು ಕೇಳಿಕೊಂಡು ಹೋಗಿ, ಅದರಲ್ಲೇ ಪಾನಕ ಮಾಡಿ ಕುಡಿದು ಬರುತ್ತಿದ್ದ. ಈಗ ಬಾಲ್ಟಿಮೋರಿನ ಒಂದು ಪ್ರಯೋಗಾಲಯದಲ್ಲಿ ಊರಿನ ನೀರನ್ನು ಪರೀಕ್ಷಿಸುವ ಕೆಲಸ. ಕಣ್ಣಿಗೆ ಕಾಣದ್ದು ಸೂಕ್ಷ್ಮದರ್ಶಕದಲ್ಲಾದರೂ ಕಾಣಬೇಕು, ಅಲ್ಲಿಯೂ ಕಾಣದಿದ್ದರೆ ಅದು ಇಲ್ಲವೇ ಇಲ್ಲ ಎಂಬುದು ಅವನ ಸಿದ್ಧಾಂತ. ಅಂಥವನಿಗೆ ಗುರುರಾಜನ ಬಿಳಿಚಿದ ಮುಖ ಒಳ್ಳೆಯ ತಮಾಷೆಯಾಗಿ ಕಂಡಿತು.

ಮನೆಯನ್ನು ಆರಿಸಿದವನೂ ಅವನೇ. ಒಗ್ಗರಣೆ ಹಾಕಿದಾಗಲೆಲ್ಲ ಬೊಬ್ಬೆ ಹೊಡೆಯುತ್ತಿದ್ದ ಅಪಾರ್ಟ್‌ಮೆಂಟಿನ ಹೊಗೆಯ ಅಲಾರಮ್ಮಿನಿಂದ ಅವನು ರೋಸಿಹೋಗಿದ್ದ. ಎಲಿಕಾಟ್ ಸಿಟಿಯ ಅಂಚಿನಲ್ಲಿ, ಜಲ್ಲಿರಸ್ತೆಯ ತುದಿಯಲ್ಲಿದ್ದ ಈ ಕಲ್ಲಿನ ಮನೆಯನ್ನು ಬಹಳ ಹಿಂದೆ ಫ್ರಾನ್ಸಿನಿಂದ ಬಂದ ರೈತ ಕುಟುಂಬವೊಂದು ತಮ್ಮ ಊರಿನ ರೀತಿಯಲ್ಲೇ ಕಟ್ಟಿಸಿಕೊಂಡಿತ್ತಂತೆ. ತೋಳುದ್ದ ದಪ್ಪದ ಗೋಡೆ, ಸಣ್ಣ ಕಿಟಕಿ, ಹಗಲಲ್ಲೂ ಮಬ್ಬು. ಒಳಗೆ ಕಾಲಿಟ್ಟರೆ ತಣ್ಣಗಿನ ಬೂದಿಯ ವಾಸನೆ. ಅಡುಗೆಮನೆಯ ಒಂದು ಗೋಡೆಯನ್ನಿಡೀ ಹಳೆಯ ಸೌದೆಒಲೆಯ ಗೂಡು ನುಂಗಿಕೊಂಡಿತ್ತು. ಅದರ ಬಾಯೊಳಗೆ ಈಗಿನವರು ಕರೆಂಟಿನ ಒಲೆಯನ್ನು ತಂದು ನಿಲ್ಲಿಸಿದ್ದರು. ತಲೆಯೆತ್ತಿದರೆ ಕಪ್ಪು ಹೊಗೆಗೂಡು. ಕೈಗೆ ಎಟಕುವ ಎತ್ತರದಲ್ಲಿ, ಪಕ್ಕದ ಕಲ್ಲಿನಲ್ಲಿ ಒಂದು ಪೊಟರೆ. ಆ ಪೊಟರೆಯಲ್ಲಿ ಶೂ.

ಒಂದೇ ಒಂದು. ಆರೇಳು ವರ್ಷದ ಮಗುವಿನದು. ಚರ್ಮ ಒಣಗಿ, ಕರಿಹಿಡಿದು, ಕಲ್ಲಿನಂತಾಗಿತ್ತು. ಹಿಮ್ಮಡಿ ಹೊರಗೆ, ಮುಂಗಾಲು ಗೋಡೆಯ ಕಡೆಗೆ.

"ಇರ್ಲಿ ಬಿಡ್ರೀ," ಎಂದಳು ಹೆಂಡತಿ ನೀರಜಾ. ಹೊಸ ಮನೆಯೆಂದು ಹಾಲುಕ್ಕಿಸಲು ಪಾತ್ರೆ ಹಿಡಿದು ನಿಂತಿದ್ದಳು. "ಅಷ್ಟು ಹೇಳಿ ಹೋಗಿದಾರೆ. ಅದರ ಪಾಡಿಗೆ ಅದು ಇರುತ್ತೆ."

"ಒಲೆ ಮೇಲೆ ಯಾರೋ ಮೆಟ್ಟಿದ ಶೂ ಇರುತ್ತೆ, ಅದರ ಕೆಳಗೆ ನೀನು ಹಾಲು ಕಾಯಿಸ್ತೀಯಾ? ಥೂ!"

ಇದೇ ನೋಡಿ ನಮ್ಮವರ ಹಣೆಬರಹ. ಈ ಮನುಷ್ಯ ದೇವರನ್ನು ಬಿಟ್ಟಿದ್ದ, ಜನಿವಾರ ಬಿಟ್ಟಿದ್ದ. ಆದರೆ ಒಲೆಯ ಮೇಲೆ ಚಪ್ಪಲಿ ಕಂಡೊಡನೆ ಅವನ ಮೈಯೆಲ್ಲ ಮುಳ್ಳೆದ್ದಿತು. ಅದಕ್ಕೆ ಅವನು ಹೈಜೀನ್ ಎಂದು ಹೆಸರಿಟ್ಟ. ಬೇರೆ ಯಾರೇ ಆಗಿದ್ದರೂ, ಹಳೆಯ ಕಾಲದ ಕುತೂಹಲದ ವಸ್ತು ಎಂದು ಅದನ್ನು ಇದ್ದಲ್ಲೇ ಬಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು. ಇವನು ಇಕ್ಕಳ ತಂದ. ಎಳೆದ. ಶೂ ಬರಲಿಲ್ಲ. ಇನ್ನಷ್ಟು ಬಲವಾಗಿ ಎಳೆದಾಗ, ಬಾಯಿಂದ ಹಲ್ಲು ಕಿತ್ತಂತೆ ಕಳಚಿ ಬಂತು. ಹೊಗೆಗೂಡಿನ ಮೇಲಿಂದ ಒಂದು ಹಿಡಿ ಮಸಿ ಪಾತ್ರೆಯ ಹಾಲಿಗೆ ಬಿತ್ತು.

ಶೂವನ್ನು ಪೋರ್ಚಿಗೆ ಒಯ್ದ. ಮನೆಮಂದಿಯೆಲ್ಲ ಚಪ್ಪಲಿ ಬಿಡುವ ಸಾಲಿನಲ್ಲೇ, ಮಗಳು ಮಾನ್ಯಾಳ ಶೂಗಳ ಪಕ್ಕದಲ್ಲಿ ಅದನ್ನು ಇಟ್ಟ. ಮರುದಿನ ಅದನ್ನು ಕಸದ ಡಬ್ಬಕ್ಕೆ ಹಾಕಿದ, ಕಸದ ಗಾಡಿ ಕೊಂಡೊಯ್ದಿತು.

ಅಲ್ಲಿಂದ ಶುರುವಾಯಿತು. ಮೊದಲು ವಾಸನೆ. ನೆನೆದ ಚರ್ಮ ಮತ್ತು ಹಳೆಯ ಮಸಿಯ ಕಮಟು ಅನ್ನದಲ್ಲಿ, ಹಾಸಿಗೆಯಲ್ಲಿ, ಮಗುವಿನ ಕೂದಲಲ್ಲಿ ಹತ್ತಿಕೊಂಡಿತು. ಆಮೇಲೆ ಚಪ್ಪಲಿಗಳು. ಪೋರ್ಚಿನಲ್ಲಿ ಹೇಗೆ ಬಿಟ್ಟರೂ ಬೆಳಿಗ್ಗೆ ನೋಡಿದಾಗ ಎಲ್ಲವೂ ಬಾಗಿಲ ಕಡೆ ಮುಖ ಮಾಡಿರುತ್ತಿದ್ದವು, ಒಳಗೆ ಬರಲು ಕಾದು ನಿಂತ ಜನರ ಹಾಗೆ. ರಾತ್ರಿ ಕಸ ಕೆದಕಲು ಬರುವ ರಕೂನ್ ಪ್ರಾಣಿಯ ಕೆಲಸ ಎಂದ ಕೇಶವಮೂರ್ತಿ.

"ಅಪ್ಪಾ, my shoe is tight," ಎಂದಳು ಮಾನ್ಯಾ ಒಂದು ದಿನ. ಹೆಜ್ಜೆ ಇಟ್ಟರೆ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವ ಶೂ ಅದು. ಆ ವರ್ಷ ಅವಳ ಕ್ಲಾಸಿನ ಮಕ್ಕಳೆಲ್ಲರ ಕಾಲಲ್ಲೂ ಅಂಥದ್ದೇ ಇತ್ತು.

"ಕಾಲು ದೊಡ್ಡದಾಗಿದೆ ಪುಟ್ಟಿ. ಹೊಸದು ತಗೊಳ್ಳೋಣ."

"ಇಲ್ಲ ಅಪ್ಪಾ. ಒಳಗೆ somebody ಇದಾರೆ."

ಕೇಶವಮೂರ್ತಿ ಶೂವಿನೊಳಗೆ ಕೈ ತೂರಿಸಿದ. ಬೆರಳಿಗೆ ಮಸಿ ಅಂಟಿತು. ಒಳಗೆ ಬೆಚ್ಚಗಿತ್ತು. ರಾತ್ರಿಯಿಡೀ ಮಂಜಿನಲ್ಲಿದ್ದ ಶೂ, ಈಗಷ್ಟೇ ಯಾರೋ ಕಾಲು ತೆಗೆದಂತೆ ಬೆಚ್ಚಗಿತ್ತು. ಹೊಸ ಜೊತೆ ಕೊಂಡು ತಂದ. ಮೂರೇ ದಿನಕ್ಕೆ ಅದರಲ್ಲೂ ಮಸಿ.

ಡಿಸೆಂಬರಿನ ಒಂದು ಮುಸ್ಸಂಜೆ ಕಿಟಕಿಯ ಬಳಿ ನಿಂತಿದ್ದ ನೀರಜಾ ಹೆದರಿ ಅವನನ್ನು ಕರೆದಳು. ಪೋರ್ಚಿನಲ್ಲಿ ಮಗುವಿನ ಶೂಗಳು ಮಿನುಗುತ್ತಿದ್ದವು. ಎಡ. ಬಲ. ಎಡ. ಬಲ. ಅವು ಇದ್ದಲ್ಲಿಂದ ಕದಲುತ್ತಿರಲಿಲ್ಲ. ಮಾನ್ಯಾ ಅಮ್ಮನ ಸೆರಗು ಹಿಡಿದು ಒಳಗೇ ನಿಂತಿದ್ದಳು.

"ಬ್ಯಾಟರಿ ಕೆಟ್ಟಿರುತ್ತೆ," ಎಂದ. ಕಿಟಕಿಯ ಪರದೆ ಎಳೆದ.

ನೀರಜಾ ಅವನ ಮಾತು ಕೇಳದೆ ಗುರುರಾಜನಿಗೆ ಫೋನ್ ಮಾಡಿದಳು. ಎರಡು ಮಾತಾಡಿ ರಿಸೀವರನ್ನು ಗಂಡನ ಕಿವಿಗೆ ಹಿಡಿದು, ತಾನೂ ಕಿವಿ ತಾಗಿಸಿ ನಿಂತಳು.

"ತೆಗೆದ್ರಾ?" ಗುರುರಾಜನ ದನಿ ಇಳಿದುಹೋಯಿತು. "ನಾನು ಅವತ್ತೇ ಹೇಳೋಕೆ ಬಂದೆ. ಆ ಮನೆ ಕಟ್ಟಿದ ಕಾಲದಲ್ಲಿ, ಹಿಮ ಬೀಳುವಾಗ ಒಬ್ಬಳು ಹೆಂಗಸು ಮಗು ಎತ್ಕೊಂಡು ಬಂದು ಬಾಗಿಲು ತಟ್ಟಿದಳಂತೆ. ಮನೆಯವರು ತೆಗೀಲಿಲ್ಲ. ಮಗು ಹೊಸ್ತಿಲ ಮೇಲೇ ಸತ್ತುಹೋಯ್ತು. ಅವಳಿಗೆ ವಿದ್ಯೆ ಗೊತ್ತಿತ್ತು. ಮಗೂನ ಹೊಸ್ತಿಲಲ್ಲೇ ಹೂತು, ಮಾಟ ಮಾಡಿ ಹೋದಳು. ಆಮೇಲೆ ಆ ಮನೆ ಮಕ್ಕಳು ಒಬ್ಬೊಬ್ಬರಾಗಿ ಹೊಗೆಗೂಡಿಗೆ ಹೋದ್ರು."

"ಹೋದ್ರು ಅಂದ್ರೆ?"

"ಶೂ ಸಮೇತ ಮೇಲಕ್ಕೆ. ಕೊನೇ ಮಗು ಉಳಿಸ್ಕೊಳ್ಳೋಕೆ ಒಬ್ಬ ಮಾಂತ್ರಿಕನ್ನ ಕರೆಸಿ, ಆ ಮಗೂದೇ ಒಂದು ಶೂನ ಆ ಪೊಟರೇಲಿ ಇಡಿಸಿದರಂತೆ. ಹೊಸ್ತಿಲಲ್ಲಿ ಸತ್ತ ಮಗು ಇದೆಯಲ್ಲ, ಅದು ಶೂ ಒಳಗೆ ಹೋಗುತ್ತೆ, ತಿರುಗೋಕಾಗಲ್ಲ, ಅಲ್ಲೇ ಸಿಕ್ಕಿಕೊಳ್ಳುತ್ತೆ. ಆ ಹುಡುಗಿ ಉಳ್ಕೊಂಡಳು. ಆದ್ರೆ ಸಾಯೋವರೆಗೂ ಆ ಮನೆ ಹೊಸ್ತಿಲು ದಾಟೋಕೆ ಅವಳ ಕೈಲಿ ಆಗ್ಲಿಲ್ಲ. ಮುದುಕಿಯಾಗಿ ಆ ಅಡುಗೆಮನೇಲೇ ಸತ್ತಳು."

"ಈಗ ಆ ಶೂ ಇಲ್ಲ. ಏನು ಮಾಡ್ಬೇಕು?" ನೀರಜಾ ಕೇಳಿದಳು.

"ಅದು ಮನೇಲಿ ಎಲ್ಲಕ್ಕಿಂತ ಚಿಕ್ಕ ಪಾದಾನೇ ಹುಡುಕುತ್ತೆ. ಮೊದಲು ಮನೆ ಖಾಲಿ ಮಾಡಿ. ಇಲ್ದಿದ್ರೆ ಪೊಟರೇಲಿ ಇನ್ನೊಂದನ್ನ ಇಡ್ಬೇಕು, ಯಾರಾದ್ರೂ ಮೆಟ್ಟಿದ್ದು. ಯಾರದ್ದು ಇಡ್ತೀರೋ ಅವರು ಆಮೇಲೆ ಆ ಮನೆ ಬಿಟ್ಟು ಹೊರಗೆ ಬರೋಕಾಗಲ್ಲ."

ಕೇಶವಮೂರ್ತಿ ನಗಲು ನೋಡಿದ, ಆಗಲಿಲ್ಲ. ಮನೆ ಬಿಡೋಣವೆಂದು ಒಪ್ಪಿದ. ಶ್ಯಾಂಟಿಲಿಯಲ್ಲಿ ಒಂದು ಅಪಾರ್ಟ್‌ಮೆಂಟ್ ಗೊತ್ತಾಯಿತು. ಅದು ಖಾಲಿಯಾಗುವುದು ಜನವರಿಯಲ್ಲಿ. ಅಲ್ಲಿಯವರೆಗೆ ಮೋಟೆಲಿಗಾದರೂ ಹೋಗೋಣ ಎಂದು ನೀರಜಾ ಅಂಗಲಾಚಿದಳು. ಕತೆಗೆ ಹೆದರಿ ಮೋಟೆಲಿಗೆ ಓಡುವಷ್ಟು ಕೆಟ್ಟಿಲ್ಲ ಎಂದ. ಪೂರ್ತಿ ನಂಬಿದರೆ ತನ್ನ ಇಷ್ಟು ವರ್ಷದ ಬದುಕೇ ಸುಳ್ಳಾಗುತ್ತದೆ ಎಂಬ ಭಯ ಅವನಿಗೆ. ಒಣ ಜಂಬ, ಇನ್ನೇನು.

ಜನವರಿ ಬಂತು. ಅದರ ಜೊತೆಗೇ ಹಿಮವೂ ಬಂತು. ರಸ್ತೆ, ಬೇಲಿ, ಮರ ಯಾವುದೂ ಕಾಣದಂತೆ ಸುರಿದು ನಿಂತಿತು. ಮೂರು ದಿನದ ಬಳಿಕ ರಸ್ತೆ ತೆರವಾಗಿ ನೀರಜಾ ಮಧ್ಯಾಹ್ನ ಲೈಬ್ರರಿಯ ಕೆಲಸಕ್ಕೆ ಹೋದಳು. ಶಾಲೆಗೆ ಇನ್ನೂ ರಜೆ ಇತ್ತು. ಕೇಶವಮೂರ್ತಿ ಬೆಳಿಗ್ಗೆಯೆಲ್ಲ ಹಿಮ ಎತ್ತಿ ಹಾಕಿ ಸುಸ್ತಾಗಿ ಬಂದು, ಡಬ್ಬಗಳಿಗೆ ಟೇಪು ಅಂಟಿಸುತ್ತ ಮುಂದಿನ ಕೋಣೆಯಲ್ಲಿ ಕೂತ. ನಾಳೆ ಹೊರಡುವುದು. ಸಂಜೆ ಐದಕ್ಕೇ ಕತ್ತಲಾಯಿತು.

"ಅಪ್ಪಾ! It's not coming off!"

ಪೋರ್ಚಿನಲ್ಲಿ ಆಡಿ ಶೂ ಬಿಚ್ಚದೆಯೇ ಒಳಗೆ ಹೋಗಿದ್ದ ಮಾನ್ಯಾಳ ದನಿ ಅಡುಗೆಮನೆಯಿಂದ ಬಂತು. ಹಿಂದೆಯೇ ಕಲ್ಲುನೆಲದ ಮೇಲೆ ಏನೋ ಎಳೆದ ಸದ್ದು. ಉಜ್ಜಿದ ಸದ್ದು. ಪಾತ್ರೆಯೊಂದು ಉರುಳಿತು.

ಓಡಿದ. ದೀಪದ ಗುಂಡಿ ಒತ್ತಿದ. ಹತ್ತಲಿಲ್ಲ. ಕತ್ತಲೊಳಗೆ ಕೆಂಪು ಮಿನುಗು. ನೆಲದಲ್ಲಲ್ಲ. ಮೇಲೆ. ಹೊಗೆಗೂಡಿನ ಒಳಗೆ.

ಮಗು ತಲೆಕೆಳಗಾಗಿ ನೇತಾಡುತ್ತಿತ್ತು. ಕೂದಲು ಒಲೆಯ ಮೇಲೆ ಗುಡಿಸುತ್ತಿತ್ತು. ಕಾಲುಗಳು ಮಂಡಿಯವರೆಗೆ ಕಪ್ಪಿನೊಳಗೆ. ಮೇಲೆ ದೀಪ ಮಿನುಗಿತು. ಎಡ. ಬಲ. ಎಡ. ಬಲ. ಮಗು ಕಾಲು ಆಡಿಸುತ್ತಿರಲಿಲ್ಲ. ಯಾರೋ ಅವಳ ಕಾಲಲ್ಲಿ ನಡೆಯುತ್ತಿದ್ದರು.

ಕಂಕುಳಿಗೆ ಕೈ ಹಾಕಿ ಹಿಡಿದ. ಎಳೆದ. ಮೇಲಿನದು ಇನ್ನೂ ಜೋರಾಗಿ ಎಳೆಯಿತು. ಮಸಿ ಸುರಿಯಿತು. ಕಣ್ಣಿಗೆ, ಬಾಯಿಗೆ. ಚರ್ಮದ ಕಮಟು. ಮಗು ಚೀರಿತು. ತೊಡೆಯವರೆಗೆ ಹೋಯಿತು. ಸೊಂಟದವರೆಗೆ.

ಶೂ ಬೇಕು. ಯಾರಾದರೂ ಮೆಟ್ಟಿದ್ದು. ಎಲ್ಲ ಪೋರ್ಚಿನಲ್ಲಿತ್ತು. ಬಿಟ್ಟು ಹೋದರೆ ಮಗು ಹೋಗುತ್ತದೆ. ಒಂದು ಕೈಯಲ್ಲಿ ಮಗುವನ್ನು ಅವುಚಿ ಇನ್ನೊಂದು ಕೈಯನ್ನು ಒಲೆಯ ಬುಡಕ್ಕೆ ಚಾಚಿದ. ಒದ್ದೆ ಬೂಟು ಆಚೆ ಇಟ್ಟರೆ ಕಲ್ಲಾಗುತ್ತದೆಂದು ನೀರಜಾ ಹೊರಡುವ ಮುನ್ನ ಅವನ ಹಿಮದ ಬೂಟುಗಳನ್ನು ಅಲ್ಲಿ ಪೇಪರಿನ ಮೇಲೆ ಒಣಗಲು ಇಟ್ಟಿದ್ದಳು. ಪಕ್ಕದಲ್ಲಿ ಅವಳ ಹವಾಯಿ ಚಪ್ಪಲಿ. ಕಲ್ಲುನೆಲ ಕೊರೆಯುತ್ತದೆಂದು ಅಡುಗೆಮನೆಯಲ್ಲಿ ಹಾಕಿಕೊಳ್ಳುತ್ತಿದ್ದುದು.

ಬೆರಳು ಬೂಟಿಗೆ ತಾಗಿತು. ಹಿಡಿಯಿತು. ಯಾರದ್ದು ಇಡ್ತೀರೋ ಅವರು. ಒಂದೇ ಕ್ಷಣ. ಬೆರಳು ಸಡಿಲಾಯಿತು. ಚಪ್ಪಲಿಯನ್ನು ಎತ್ತಿಕೊಂಡಿತು.

ತಡಕಿದ. ಪೊಟರೆ ಸಿಕ್ಕಿತು. ಚಪ್ಪಲಿಯನ್ನು ಒಳಗೆ ತುರುಕಿದ.

ಎಳೆತ ನಿಂತಿತು. ಮಗು ಅವನೆದೆಯ ಮೇಲೆ ಬಿತ್ತು. ಶೂಗಳೆರಡೂ ತಾವಾಗಿ ಕಳಚಿ ನೆಲಕ್ಕುರುಳಿದವು. ಅವುಗಳ ದೀಪ ಆರಿತು. ಕಲ್ಲಿನೊಳಗೆ ಏನೋ ಬಿಗಿಯಾಗಿ ಕೂತ ಸದ್ದಾಯಿತು.

ಆಗ ಕಿಟಕಿಯ ಮೇಲೆ ಕಾರಿನ ಬೆಳಕು ಹಾಯಿತು.

ನೀರಜಾ. ಅವಳು ಇನ್ನೂ ಹೊರಗಿದ್ದಾಳೆ. ಒಳಗೆ ಬರದಿದ್ದರಾಯಿತು. ಬರದಿದ್ದರೆ ಉಳಿಯುತ್ತಾಳೆ. "ಬರಬೇಡ! ನೀರಜಾ, ಒಳಗೆ ಬರಬೇಡ!" ಎಂದು ಕಿರುಚಿದ. ಆದರೆ ಅವನ ಕಿರುಚಾಟಕ್ಕಿಂತ ಮಗುವಿನ ಅಳು ಜೋರಾಗಿತ್ತು. ಮಗಳ ಅಳು ಕೇಳಿಯೂ ಬಾಗಿಲಲ್ಲಿ ನಿಲ್ಲುವ ತಾಯಿ ಯಾರಿದ್ದಾಳೆ? ಅವಳು ಪೋರ್ಚಿನಲ್ಲಿ ಶೂ ಕಿತ್ತೆಸೆದು, ಹೊಸ್ತಿಲು ದಾಟಿ, ಕತ್ತಲಲ್ಲಿ ಓಡಿ ಬಂದು ಮಗಳನ್ನು ಬಾಚಿ ಎದೆಗೊತ್ತಿಕೊಂಡಳು.

ದೀಪ ತಾನಾಗಿಯೇ ಹತ್ತಿಕೊಂಡಿತು. ಅವಳು ಮಗುವಿನ ಮೈಮೇಲಿನ ಮಸಿ ನೋಡಿದಳು. ಪೊಟರೆ ನೋಡಿದಳು. ನೀಲಿ ಪಟ್ಟಿಯ ಚಪ್ಪಲಿಯ ಹಿಮ್ಮಡಿ ಹೊರಗೆ ಕಾಣುತ್ತಿತ್ತು.

ಮಗುವನ್ನು ಇಳಿಸಿ, ಬಾಗಿಲಿಗೆ ಹೋಗಿ ಕಾಲೆತ್ತಿ ಹೊರಗಿಡಲು ನೋಡಿದಳು. ಪಾದ ಗಾಳಿಯಲ್ಲೇ ನಿಂತಿತು. ಇನ್ನೊಂದು ಕಾಲು. ಅದೂ ಅಷ್ಟೇ. ಚೌಕಟ್ಟು ಹಿಡಿದು, ಮೈಯ ಭಾರವನ್ನೆಲ್ಲ ಹಾಕಿ ನೂಕಿದಳು. ಬಾಗಿಲಾಚೆ ಹಿಮದ ಮೇಲೆ ಅವಳೇ ನಡೆದು ಬಂದ ಹೆಜ್ಜೆಗಳಿದ್ದವು.

"ತೆಗೆದುಬಿಡ್ತೀನಿ," ಕೇಶವಮೂರ್ತಿ ತೊದಲಿದ. "ಈಗಲೇ ತೆಗೀತೀನಿ, ತಾಳು."

"ಮುಟ್ಟಬೇಡಿ." ಅವಳು ಅವನ ಕೈ ತಡೆದಳು. "ತೆಗೆದ್ರೆ ಅದು ಇವಳ ಹತ್ರಾನೇ ಬರುತ್ತೆ. ಇವಳ ಕಾಲಿನ ಗುರುತು ಅದಕ್ಕೆ ಸಿಕ್ಕಿದೆ. ಎಷ್ಟು ದೂರ ಹೋದ್ರೂ ಬಂದ್ರೆ ಏನು ಮಾಡ್ತೀರಾ? ಇವಳನ್ನ ಕರ್ಕೊಂಡು ಹೊರಡಿ. ಈಗಲೇ."

ಮಗಳಿಗೆ ಎರಡು ಜೊತೆ ಕಾಲುಚೀಲ ಹಾಕಿದಳು. ಕೋಟು ತೊಡಿಸಿ, ಟೊಪ್ಪಿಗೆ ಎಳೆದು, ಕೆನ್ನೆಯ ಮಸಿಯನ್ನು ಅಂಗೈಯಿಂದ ಒರೆಸಿದಳು. "ಅಮ್ಮ you come," ಎಂದಿತು ಮಗು. "ಆಮೇಲೆ ಬರ್ತೀನಿ ಕಂದ," ಎಂದಳು. ಬಳಿಕ ಗಂಡನ ಬರಿಗಾಲು ನೋಡಿ ಅಡುಗೆಮನೆಗೆ ಹೋದಳು. ಆ ಹಿಮದಲ್ಲಿ ಅವನು ಮಗುವನ್ನೆತ್ತಿಕೊಂಡು ಕಾರಿನವರೆಗೆ ನಡೆಯಬೇಕಲ್ಲ.

ಹೋದವಳು ತಡವಾಗಿ ಬಂದಳು. ಎರಡೂ ಕೈಯಲ್ಲಿ ಬೂಟುಗಳಿದ್ದವು.

"ಇವು ಅಲ್ಲೇ ಇದ್ವಲ್ಲ," ಎಂದಳು. "ನನ್ನ ಚಪ್ಪಲಿ ಪಕ್ಕದಲ್ಲೇ."

ಕೇಶವಮೂರ್ತಿ ಬಗ್ಗಿ ಮಗುವಿನ ಕೋಟಿನ ಗುಂಡಿ ಹಾಕತೊಡಗಿದ. ನೀರಜಾ ಬಾಗಿ ಬೂಟುಗಳನ್ನು ಅವನ ಮುಂದಿಟ್ಟಳು. ಅವನು ಕಾಲು ತೂರಿಸಿದ. ಒಳಗೆಲ್ಲ ಚೆನ್ನಾಗಿ ಒಣಗಿತ್ತು.