ಸತ್ತವರ ಪಟ್ಟಿಯಲ್ಲಿ ರೂಬೆನ್

"ರೂಬೆನ್ ಸ್ಟ್ರೈಡ್ ಅಂದ್ರೆ... ನಾನೇ."

ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದವನನ್ನು ಮೇಬಲ್ ಕಣ್ಣು ಪಿಳುಕಿಸದೆ ನೋಡಿದಳು. ಹಡಗಿನ ಕಚೇರಿಯ ಗೋಡೆಗೆ ಅಂಟಿಸಿದ್ದ ಸತ್ತವರ ಪಟ್ಟಿಯಲ್ಲಿ ನಿನ್ನೆಯಷ್ಟೇ ಆ ಹೆಸರನ್ನು ಓದಿದ್ದಳು!

ಟೈಟಾನಿಕ್ ಮುಳುಗಿ ಆರು ದಿನವಾಗಿತ್ತು. ಸೌತಾಂಪ್ಟನ್ನಿನ ನಾರ್ಥಮ್ ಬೀದಿಗಳಲ್ಲಿ ಸಾಲು ಸಾಲು ಮನೆಗಳು ಕಿಟಕಿಗೆ ಪರದೆ ಎಳೆದು ಸೂತಕದಲ್ಲಿದ್ದವು.

ಮೇಬಲ್ ಮಾತ್ರ ಪರದೆ ಎಳೆದಿರಲಿಲ್ಲ. ಆ ಹಡಗಿನ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಸಿಕ್ಕಿತೆಂದು ಹೊರಟಿದ್ದ ಅವಳ ಅಣ್ಣ ವಿಲ್ಫ್‌ನ ಹೆಸರು ಬದುಕಿದವರ ಪಟ್ಟಿಯಲ್ಲೂ ಇರಲಿಲ್ಲ, ಸತ್ತವರ ಪಟ್ಟಿಯಲ್ಲೂ ಇರಲಿಲ್ಲ. ಅಂದಮೇಲೆ ಅವನು ಆ ಹಡಗನ್ನು ಹತ್ತಿಯೇ ಇಲ್ಲ. ಬೇರೆ ಯಾವುದೋ ಹಡಗು ಹಿಡಿದಿದ್ದಾನೆ, ಬಂದೇ ಬರುತ್ತಾನೆ...

"ನೀವು ಬದುಕಿದ್ದೀರಾ! ಹಾಗಾದ್ರೆ ನಮ್ಮ ವಿಲ್ಫ್ ಕೂಡ..."

"ಇಲ್ಲ ಮಿಸ್. ನನ್ನ ಹೆಸರಲ್ಲಿ ಹೋದೋನೇ ವಿಲ್ಫ್. ನನ್ನ ನಾವಿಕರ ಪುಸ್ತಕ ತಗೊಂಡು ಹೋದ. ಅವನದನ್ನ ನನ್ನ ಹತ್ರ ಬಿಟ್ಟಿದ್ದ."

ಪ್ರತಿ ಯಾನದ ನಡತೆ ದಾಖಲಾಗುವ ಆ ಪುಸ್ತಕವಿಲ್ಲದೆ ಯಾವ ಹಡಗೂ ಕೆಲಸ ಕೊಡುವುದಿಲ್ಲ. ಸಿಕ್ಕ ಕೆಲಸವನ್ನು ಪುಸ್ತಕದ ಸಮೇತ ಹೆಂಡಕ್ಕೆ ಮಾರಿಕೊಳ್ಳುವವರೂ ಆ ಬೀದಿಗಳಲ್ಲಿದ್ದರು.

ಮೇಬಲ್ ಅವನ ಕೆನ್ನೆಗೆ ಬಾರಿಸಿದಳು.

"ಹೆಂಡಕ್ಕೆ ಮಾರ್ಕೊಂಡೆ ತಾನೆ? ಹೇಳು!"

ಅವನು ಒಂದು ಗಳಿಗೆ ಅವಳನ್ನೇ ನೋಡಿದ. "ಹೌದು," ಎಂದ. "ಆದ್ರೆ ಕಚೇರೀಲಿ ನಿಜ ಹೇಳ್ತೀನಿ. ಅವನ ಹೆಸರು ಬರೆಯೋವರ್ಗೂ ಬಿಡಲ್ಲ."

ಅವನು ಹೋದ ಮೇಲೆ ಮೇಬಲ್ ಪರದೆ ಎಳೆದಳು. ಎಳೆದವಳು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಸತ್ತವನೇ ಎದುರು ನಿಂತು ಬದುಕಿದ್ದೇನೆ ಎಂದರೂ ಕಚೇರಿಯವರಿಗೆ ಸಾಕ್ಷಿ ಬೇಕಿತ್ತು! ರೂಬೆನ್ ವಾರವಿಡೀ ಅಲೆದು, ಪ್ರತಿ ಶನಿವಾರ ಮಧ್ಯಾಹ್ನ ಸುದ್ದಿ ಹೇಳಲು ಬರುತ್ತಿದ್ದ.

"ಏನಾಯ್ತು?"

"ಇನ್ನೊಂದು ಕಾಗದ ಬೇಕಂತೆ."

ಅಷ್ಟೇ ಮಾತು. ಮೇಬಲ್ ಊರವರ ಬಟ್ಟೆ ಒಗೆದು ಬದುಕುವವಳು. ಅವನು ಸುಮ್ಮನೆ ಹಿತ್ತಲಿಗೆ ಹೋಗಿ, ಒದ್ದೆ ಬಟ್ಟೆ ಹಿಂಡುವ ಯಂತ್ರ ತಿರುಗಿಸಿ, ಹೇಳದೆ ಹೊರಟುಬಿಡುತ್ತಿದ್ದ. ಬೇಡ ಅನ್ನಬೇಕಿತ್ತು... ಅನ್ನಲಿಲ್ಲ.

ಮೂರನೆಯ ಶನಿವಾರ ಅವಳ ಕಿವಿ ತಾನಾಗಿಯೇ ಬಾಗಿಲ ಕಡೆಗಿತ್ತು. 'ಅಣ್ಣನ ಸಾವಿಗೆ ಕಾರಣವಾದವನಿಗಾಗಿ ಕಾಯ್ತಿದ್ದೀಯಲ್ಲ, ನಾಚಿಕೆಯಾಗಲ್ವಾ ಮೇಬಲ್?' ಎಂದು ತನ್ನನ್ನೇ ಬೈದುಕೊಂಡಳು.

ಪಕ್ಕದ ಮನೆಯ ಮಿಸೆಸ್ ಪಾಥಕರಿಯ ಗಂಡನೂ ಅದೇ ಹಡಗಿನಲ್ಲಿ ಮುಳುಗಿದ್ದ. ಅವರ ಎದುರು ಮೇಬಲ್ ಒಮ್ಮೆ ಹೆಂಡದ ವಿಷಯ ಎತ್ತಿದಳು.

"ಹೆಂಡವಾ? ಆ ರೂಬೆನ್ನಾ?" ಗಂಡ ಹೋದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. "ಹೆಂಡದಂಗಡೀಲಿ ಕೂತು ಟೀ ಕೇಳೋ ಪ್ರಾಣಿ ಕಣೇ ಅದು! ನಮ್ಮ ಯಜಮಾನರು ಅವನನ್ನ 'ಟೀ ಪಾದ್ರಿ' ಅಂತಾನೇ ಕರೀತಿದ್ರು."

ಹಾಗಾದರೆ ಸುಳ್ಳೇಕೆ ಹೇಳಿದ?

ಜೂನ್ ತಿಂಗಳಲ್ಲಿ ಕಚೇರಿಯಿಂದ ಮೇಬಲ್, ರೂಬೆನ್ ಇಬ್ಬರಿಗೂ ಕರೆ ಬಂತು. ಗುಮಾಸ್ತ ವಿಲ್ಫ್‌ನ ಪುಸ್ತಕ ಬಿಡಿಸಿದ.

"ಎಲ್ಲಾ ಯಾನಕ್ಕೂ 'ನಡತೆ ಬಹಳ ಒಳ್ಳೆಯದು' ಅಂತ ಮುದ್ರೆ ಇದೆ. ಕೊನೇದಕ್ಕೆ ಮಾತ್ರ 'ನಡತೆ ಬಗ್ಗೆ ಹೇಳಲಾರೆವು'. ಹೋದ ನವೆಂಬರ್ ಹತ್ತಕ್ಕೆ ಹಡಗು ಬಿಟ್ಟು ಓಡಿಹೋಗಿದ್ದಾನೆ. ಇಂಥ ಮುದ್ರೆ ಬಿದ್ದೋನಿಗೆ ಯಾರಮ್ಮಾ ಕೆಲಸ ಕೊಡ್ತಾರೆ? ಅದಕ್ಕೇ ಇನ್ನೊಬ್ಬರ ಪುಸ್ತಕ."

ನವೆಂಬರ್ ಹತ್ತು! ಅವಳು ಜ್ವರದಲ್ಲಿ ಸಾವು ಬದುಕಿನ ನಡುವೆ ಇದ್ದ ದಿನಗಳು. ಕಣ್ಣು ಬಿಟ್ಟಾಗ ಅಣ್ಣ ಹಾಸಿಗೆಯ ಪಕ್ಕದಲ್ಲಿದ್ದ. 'ರಜೆ ಕೊಟ್ರು ಕಣೇ' ಎಂದು ನಕ್ಕಿದ್ದ...

ಗುಮಾಸ್ತ ಸತ್ತವರ ಪಟ್ಟಿಯಲ್ಲಿ ರೂಬೆನ್‌ನ ಹೆಸರು ಹೊಡೆದು ವಿಲ್ಫ್ರೆಡ್ ರಜ್ ಎಂದು ಬರೆದ. "ಪುಸ್ತಕ ಕೊಟ್ಟಿದ್ದು ತಪ್ಪಪ್ಪ. ಇನ್ನು ನಿನ್ನನ್ನ ಯಾವ ಹಡಗೂ ಸೇರಿಸ್ಕೊಳ್ಳಲ್ಲ."

"ಗೊತ್ತು ಸರ್."

ಹೊರಗೆ ಮೆಟ್ಟಿಲ ಮೇಲೆ ಮೇಬಲ್ ಅವನ ತೋಳು ಹಿಡಿದು ನಿಲ್ಲಿಸಿದಳು.

"ನಿನಗೆ ಎಲ್ಲಾ ಗೊತ್ತಿತ್ತು!"

"ತಂಗಿ ದುಡಿಮೇಲಿ ಎಷ್ಟು ದಿನ ಕೂತು ತಿನ್ನಲಿ, ಒಂದೇ ಒಂದು ಸಲ ಹೋಗಿ ಬರ್ತೀನಿ ಅಂತ ವಿಲ್ಫ್ ಕೈ ಹಿಡ್ಕೊಂಡ. ನನಗೆ ಯಾರೂ ಇಲ್ಲ... ಕೊಟ್ಟೆ. ನಾನು ಕೊಡದೇ ಇದ್ದಿದ್ರೆ ಅವನು..."

"ನಾನು ಜ್ವರ ಬಂದು ಮಲಗದೇ ಇದ್ದಿದ್ರೆ..."

"ನೋಡಿ, ಇದಕ್ಕೇ ಹೇಳ್ಲಿಲ್ಲ! ನೀವು ನನ್ನನ್ನ ಬೈತಿದ್ರಿ, ತಡ್ಕೊಂಡಿದ್ದೆ. ನಿಮ್ಮನ್ನ ನೀವೇ ಬೈಕೊಳ್ಳೋದನ್ನ ನೋಡೋಕೆ ನನ್ನ ಕೈಲಾಗಲ್ಲ."

"ಯಾಕೆ?"

"ಯಾಕೆ ಅಂದ್ರೆ... ನೀವಂದ್ರೆ ಪ್ರಾಣ ಮಿಸ್. ಹೇಳೋಕೆ ನನಗೆ ಯಾವ ಮುಖ ಇತ್ತು?"

ಮೇಬಲ್‌ಳ ಎದೆಯೊಳಗೆ ಎರಡು ತಿಂಗಳಿಂದ ಬಿಗಿದಿದ್ದುದೆಲ್ಲ ಸಡಿಲವಾಯಿತು. ಕಣ್ಣು ತುಂಬಿ ಬಂತು.

"ಹಡಗಿನ ಕೆಲಸ ಹೋಯ್ತಲ್ಲ, ಇನ್ನೇನು ಮಾಡ್ತೀಯ?"

"ಹಡಗುಕಟ್ಟೇಲಿ ಕೂಲಿ. ದಿನಾ ಸಂಜೆ ಮನೆಗೆ ಬರೋ ಕೆಲಸ."

ದಿನಾ ಸಂಜೆ! ಅವಳ ಅಮ್ಮ ಈ ಮಾತನ್ನು ನಾವಿಕನಾಗಿದ್ದ ಅಪ್ಪನ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಹಡಗಿನವರ ಹೆಂಡತಿಯರು ಕಾಯುವುದನ್ನಷ್ಟೇ ಕಲಿತವರು.

"ಯಾವ ಮನೆಗೆ ಬರ್ತೀಯ?" ಎಂದು ಕೇಳಿದಳು.

ಅವನು ತಬ್ಬಿಬ್ಬಾದ. "ಬಾಡಿಗೆ ಕೋಣೆ ಇದೆಯಲ್ಲ, ಮಿಸ್..."

"ಮಿಸ್ ಅಂತೆ, ಮಿಸ್! ಮೇಬಲ್ ಅನ್ನೋಕೆ ಬರಲ್ವಾ?"

"ಮೇಬಲ್... ಯಾವ ಮನೆಗೆ ಬರಲಿ?"

"ನಮ್ಮನೆಗೆ ಕಣೋ," ಎಂದು ಅವಳು ಅಳುತ್ತಲೇ ನಕ್ಕಳು. "ದಿನಾ ಸಂಜೆ."